ಮೊದಲ ಬುಟ್ಟಿ ಸೋದರತ್ತೆ ಪಾಲಾಯಿತು

ನೆಂಟರು ಮಲಗುವ ಕೋಣೆಗೆ ಅಂತ ನಾನು ಇಟ್ಟ ಮೊದಲ ಬುಟ್ಟಿಯನ್ನು ನಮ್ಮನೆಯವರ ಸೋದರತ್ತೆ ತಮ್ಮ ಮನೆಗೆ ತೆಗೆದುಕೊಂಡು ಹೋದರು. ಎಲ್ಲರ ಎದುರಿಗೇ, ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡು.

2022ರ ಮಾರಿಕಾಂಬಾ ಜಾತ್ರೆಯ ಸಮಯ ಅದು. ಶಿರಸಿಯಲ್ಲಿ ಮನೆ ಇದ್ದವರಿಗೆ ಜಾತ್ರೆ ಎಂದರೆ ಏನು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ಬೆಳಿಗ್ಗೆ ರಥ. ದೇವಿ ದೇವಸ್ಥಾನ ಬಿಟ್ಟು ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕೂರುತ್ತಾಳೆ. ಗುರುವಾರದಿಂದ ಉಡಿ ಸೇವೆ, ಹಣ್ಣುಕಾಯಿ, ತುಲಾಭಾರ. ಒಂದು ಕಡೆ ತೊಟ್ಟಿಲು, ಇನ್ನೊಂದು ಕಡೆ ನಾಟಕ ಕಂಪನಿ, ನಡುವೆ ಬಳೆ ಅಂಗಡಿ, ಮಿಠಾಯಿ ಅಂಗಡಿ. ಊರಿನ ಎಲ್ಲಾ ಲಾಡ್ಜ್ ತುಂಬಿ ಹೋಗುತ್ತವೆ. ತುಂಬದಿದ್ದರೂ ನೆಂಟರು ಲಾಡ್ಜ್‌ಗೆ ಹೋಗುತ್ತಾರಾ? ಹೋದರೆ ನಮ್ಮ ಅತ್ತೆ, ಅಂದರೆ ನಮ್ಮನೆಯವರ ಅಮ್ಮ, ಜನ್ಮದಲ್ಲಿ ಮಾತಾಡಿಸುವುದಿಲ್ಲ.

ನಮ್ಮದು ಬನವಾಸಿ ರಸ್ತೆಯಲ್ಲಿ ಸಣ್ಣ ಮನೆ. ಕೆಳಗೆ ಎರಡು ಕೋಣೆ, ಮಾಳಿಗೆಯಲ್ಲಿ ಒಂದು. ಮಾಳಿಗೆಯದು ಉಳಿದ ದಿನ ನನ್ನ ಹೊಲಿಗೆ ಕೋಣೆ. ನೆಂಟರು ಬರುತ್ತಾರೆ ಎಂದರೆ ಮಷಿನ್ನನ್ನು ಮೂಲೆಗೆ ತಳ್ಳಿ, ಮೇಲೆ ಹಳೇ ಸೀರೆ ಹೊದಿಸಿ, ನೆಲದ ಮೇಲೆ ಅಯಸ್ಕಾಂತ ಆಡಿಸುತ್ತೇನೆ. ಪೊರಕೆಗೆ ಸಿಗದ ಗುಂಡುಪಿನ್ನು, ಮುರಿದ ಸೂಜಿ, ಬ್ಲೌಸಿನ ಹುಕ್ಕು ಎಲ್ಲ ಚಟಚಟ ಅಂತ ಅಂಟಿಕೊಳ್ಳುತ್ತವೆ. ಒಂದು ಸಲ ನಮ್ಮ ಭಾವನ ಕಾಲಿಗೆ ಪಿನ್ನು ಚುಚ್ಚಿತ್ತು. ಅಂದಿನಿಂದ ಈ ಅಯಸ್ಕಾಂತ.

ಆ ವರ್ಷ ಮೊಬೈಲಿನಲ್ಲಿ ಯಾವುದೋ ವೀಡಿಯೋ ನೋಡಿದ್ದೆ. ರಾತ್ರಿ ಉಳಿಯುವವರಿಗೆ ಕೋಣೆಯಲ್ಲಿ ಒಂದು ಬುಟ್ಟಿ ಇಡಬೇಕಂತೆ. ಅದರಲ್ಲಿ ಅವರಿಗೆ ಬೇಕಾಗಬಹುದಾದ ಸಣ್ಣಪುಟ್ಟ ಸಾಮಾನು, ಒಂದು ಪರಿಮಳದ ಮೇಣದಬತ್ತಿ, ರಿಬ್ಬನ್ನು. ನೋಡಲು ಚೆಂದ ಇತ್ತು. ನಾನೂ ಒಂದು ಬಿದಿರಿನ ಬುಟ್ಟಿ ತಂದೆ. ಹೆಂಗಸರೇ ಜಾಸ್ತಿ ಬರುವುದಲ್ವಾ ಅಂತ ಬಾಚಣಿಗೆ, ಅಂಗೈ ಅಗಲದ ಕನ್ನಡಿ, ಸ್ಟಿಕ್ಕರ್, ಕುಂಕುಮದ ಡಬ್ಬಿ, ಒಂದು ಜೊತೆ ಗಾಜಿನ ಬಳೆ, ಎಣ್ಣೆ ಬಾಟಲಿ, ಬೆಲ್ಲದ ಅಚ್ಚು ಇಟ್ಟೆ. ಬುಟ್ಟಿಯ ಒಳಗೆ ಹಾಸಲು ಕೈಗೆ ಸಿಕ್ಕಿದ್ದು ಹೊಸ ಕೆಂಪು ಕಣ, ಅಂದರೆ ಬ್ಲೌಸ್ ಪೀಸು. ಅದನ್ನೇ ಹಾಸಿದೆ.

ಈಗ ಓದುತ್ತಾ ಇರುವ ಹೆಂಗಸರಿಗೆ ನಗು ಬಂದಿರಬೇಕು. ಬಾಚಣಿಗೆ, ಕನ್ನಡಿ, ಕುಂಕುಮ, ಬಳೆ, ಬೆಲ್ಲ, ಕಣ. ಒಂದು ತೆಂಗಿನಕಾಯಿ, ಒಂದು ಜೊತೆ ಬಿಚ್ಚೋಲೆ ಇದ್ದರೆ ಪೂರ್ತಿ ಬಾಗಿನವೇ. ನನಗೆ ಮಾತ್ರ ಹೊಳೆಯಲಿಲ್ಲ. ಮಾಳಿಗೆಯಲ್ಲಿ ಮೊದಲು ಮಲಗಿದವರು ಸಿದ್ದಾಪುರ ಕಡೆಯಿಂದ ಬಂದ ನಮ್ಮನೆಯವರ ಸೋದರತ್ತೆ. ಎಪ್ಪತ್ತು ದಾಟಿದವರು. ಬೆಳಿಗ್ಗೆ ಮೆಟ್ಟಿಲಿಳಿದು ಬಂದರು, ಕೈಯಲ್ಲಿ ಬುಟ್ಟಿ. "ಬಾಗಿನ ರಾಶಿ ಚೊಲೋ ಇದ್ದು ತಂಗಿ" ಎಂದರು. ನನ್ನ ಹಣೆಗೆ ಕುಂಕುಮ ಹಚ್ಚಿದರು, ನಮ್ಮ ಅತ್ತೆಯ ಕೈಯಲ್ಲಿ ನೂರಾ ಒಂದು ರೂಪಾಯಿ ಇಟ್ಟರು. ನಾನು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಸುಮ್ಮನಿರು ಎಂದರು. ಸುಮ್ಮನಾದೆ. ವಾರದ ಮೇಲೆ ಅವರ ಮಗನ ಕೈಯಲ್ಲಿ ಒಂದು ಹಸಿರು ಕಣ, ಎರಡು ತೆಂಗಿನಕಾಯಿ, ಒಂದು ಬಾಟಲಿ ಜೋನಿ ಬೆಲ್ಲ ಬಂತು. ವ್ಯಾಪಾರದಲ್ಲಿ ನನಗೇ ಲಾಭ.

ಪರಿಮಳದ ಮೇಣದಬತ್ತಿಯನ್ನು ಮಾತ್ರ ಅವರು ತೆಗೆದು ಕಿಟಕಿಯ ಮೇಲೆ ಇಟ್ಟು ಹೋಗಿದ್ದರು. ಬಾಗಿನದಲ್ಲಿ ಮೇಣದಬತ್ತಿ ಯಾಕೆ ಅಂತ ಅವರಿಗೂ ಅರ್ಥವಾಗಿರಲಿಕ್ಕಿಲ್ಲ.

ಇಷ್ಟಾದರೂ ಬುಟ್ಟಿಯ ಆಸೆ ಬಿಡಲಿಲ್ಲ. ಅದಕ್ಕೆ ಕಾರಣ ನಮ್ಮ ಕಡೆಯ ಒಂದು ಮಾತು: ಅಡ್ಡಿಲ್ಲೆ.

ಉತ್ತರ ಕನ್ನಡದವರ ಜೊತೆ ನಾಲ್ಕು ದಿನ ಇದ್ದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಊಟ ಹೇಗಿತ್ತು? ಅಡ್ಡಿಲ್ಲೆ. ಹುಡುಗ ಹೇಗಿದ್ದಾನೆ? ಅಡ್ಡಿಲ್ಲೆ. ಚೆನ್ನಾಗಿದೆ, ಪರವಾಗಿಲ್ಲ, ಆಗಬಹುದು, ಬೇಡ, ಹೇಗೋ ನಡೆಯುತ್ತದೆ, ಎಲ್ಲದಕ್ಕೂ ಅದೊಂದೇ. ನೆಂಟರಿಗೆ ಇದಕ್ಕಿಂತ ಅನುಕೂಲದ ಮಾತಿಲ್ಲ, ಮನೆಯವರಿಗೆ ಇದಕ್ಕಿಂತ ಕಷ್ಟದ ಮಾತಿಲ್ಲ. "ಇನ್ನೊಂದು ಹೊದಿಕೆ ಕೊಡಲಾ?" ಅಂದರೆ "ಅಡ್ಡಿಲ್ಲೆ". ಬೇಕು ಅಂತಲೋ ಬೇಡ ಅಂತಲೋ? ಕೊಟ್ಟರೆ ಕಾಲ ಬುಡದಲ್ಲಿ ಮಡಚಿಟ್ಟಿರುತ್ತಾರೆ. ಕೊಡದಿದ್ದರೆ ಬೆಳಿಗ್ಗೆ ಸೀನುತ್ತಾ ಬರುತ್ತಾರೆ.

ನಾನೂ ಅದೇ ಜಾತಿಯವಳು. ಬೆಂಗಳೂರಿನಲ್ಲಿ ಸಂಬಂಧಿಕರೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಏಳನೇ ಮಹಡಿ. ಮಲಗುವ ಮುಂಚೆ "ನೀರು ಬೇಕಾ?" ಅಂತ ಕೇಳಿದರು. ಬಾಯಿಗೆ ಬಂದಿದ್ದು ಅದೇ ಉತ್ತರ. ರಾತ್ರಿ ಎರಡು ಗಂಟೆಗೆ ಗಂಟಲು ಒಣಗಿ ಎಚ್ಚರವಾಯಿತು. ಕತ್ತಲಲ್ಲಿ ಗೋಡೆ ಸವರುತ್ತಾ ಅಡುಗೆಮನೆಗೆ ಹೋದೆ. ನೀರಿನ ಮಷಿನ್ನಿಗೆ ನಲ್ಲಿಯೇ ಇಲ್ಲ, ಗಾಜಿನ ಮೇಲೆ ನೀಲಿ ಚುಕ್ಕೆಗಳು. ಒಂದನ್ನು ಮುಟ್ಟಿದೆ. ಟುಂಯ್ ಅಂತ ಕೂಗಿತು. ಕೈ ತೆಗೆದೆ. ಇನ್ನೂ ಜೋರಾಗಿ ಕೂಗಿತು. ಓಡಿ ಬಂದು ಮುಸುಕು ಹಾಕಿಕೊಂಡು ಮಲಗಿದೆ. ಆಮೇಲೆ ಬಚ್ಚಲಿನ ನಲ್ಲಿಗೆ ಬೊಗಸೆ ಒಡ್ಡಿ ಎರಡು ಗುಟುಕು ಕುಡಿದೆ. ಅವರು ಬಹಳ ಒಳ್ಳೆಯ ಜನ. ಒಂದು ತಂಬಿಗೆ ನೀರು ಹಾಸಿಗೆಯ ಪಕ್ಕ ಇಟ್ಟಿದ್ದರೆ ಸಾಕಿತ್ತು. ಕೇಳಿದ್ದೇ ತಪ್ಪಾಯಿತು. ಕೇಳಿದರೆ ನಾವು ಬೇಡ ಅನ್ನುವ ಜನ.

ನಮ್ಮ ಅಮ್ಮಮ್ಮ ಯಾರನ್ನೂ ಕೇಳುತ್ತಿರಲಿಲ್ಲ. ತೋಟದ ಮನೆ ಅದು. ಬಸ್ಸು ತಪ್ಪಿದವರು, ಅಡಿಕೆ ವ್ಯಾಪಾರದವರು, ಯಕ್ಷಗಾನ ನೋಡಿ ಬಂದವರು ಎಲ್ಲ ಜಗಲಿಯಲ್ಲಿ ಮಲಗುತ್ತಿದ್ದರು. ಬಂದ ಕೂಡಲೇ ಕೈಕಾಲಿಗೆ ನೀರು, ಆಮೇಲೆ ಆಸರಿಗೆ, ಅಂದರೆ ದಾಹಕ್ಕೆ ಕುಡಿಯಲು, ಜೊತೆಗೆ ಬೆಲ್ಲದ ತುಂಡು. ಬೇಸಿಗೆಯಾದರೆ ಮಜ್ಜಿಗೆ, ಇಲ್ಲವೇ ಮುರುಗಲು ಪಾನಕ. ರಾತ್ರಿ ಚಾಪೆ, ಕಂಬಳಿ ಹಾಸಿದ ಮೇಲೆ ತಲೆಯ ಹತ್ತಿರ ನಾಲ್ಕು ಸಾಮಾನು ಬಂದು ಕೂರುತ್ತಿದ್ದವು. ಮುಚ್ಚಳ ಹಾಕಿದ ತಾಮ್ರದ ತಂಬಿಗೆ, ಬೆಂಕಿಪೊಟ್ಟಣ, ಚಿಮಣಿ ದೀಪ, ಕವಳದ ಬಟ್ಟಲು. ಸೆಖೆಯ ದಿನ ಅಡಿಕೆ ಹಾಳೆಯ ಬೀಸಣಿಗೆಯೂ ಇರುತ್ತಿತ್ತು. ಕವಳದ ಬಟ್ಟಲಿನಲ್ಲಿ ಎಲೆ ಬಾಡಿದ್ದರೆ ಅಮ್ಮಮ್ಮ ಆ ಕತ್ತಲಲ್ಲೇ ಹಿತ್ತಲಿಗೆ ಹೋಗಿ ಹೊಸದು ಕೊಯ್ದು ತರುತ್ತಿದ್ದಳು. ಸುಣ್ಣ ಒಣಗಿದ್ದರೆ ಎರಡು ಹನಿ ನೀರು ಹಾಕಿ ಬೆರಳಿನಿಂದ ಕಲಸಿ ಇಡುತ್ತಿದ್ದಳು. ವೀಡಿಯೋದವರು ಬುಟ್ಟಿ ಕಂಡುಹಿಡಿದಿದ್ದೇನಲ್ಲ ಬಿಡಿ. ನಮ್ಮ ಅಮ್ಮಮ್ಮನ ಹತ್ತಿರ ಬುಟ್ಟಿ ಒಂದು ಇರಲಿಲ್ಲ ಅಷ್ಟೇ.

ಎರಡನೇ ಬುಟ್ಟಿ ಜಾತ್ರೆಯ ಕೊನೆಯ ದಿನ ಕೊಂಡಿದ್ದು. ಮೊರ, ಬುಟ್ಟಿ ಹೆಣೆಯುವ ಹೆಂಗಸು ಮುಂದೆ ರಾಶಿ ಹಾಕಿಕೊಂಡು ಕೂತಿದ್ದಳು. ಈ ಸಲ ತಲೆ ಓಡಿಸಿದೆ. ದುಂಡನೆಯ, ಕಂಠ ಇರುವ ಬುಟ್ಟಿ ಬಾಗಿನದ ಹಾಗೆ, ಪ್ರಸಾದದ ಹಾಗೆ ಕಾಣುತ್ತದೆ. ಚೌಕದ್ದು, ತಳ ಚಪ್ಪಟೆ ಇರುವುದು ಆರಿಸಿದೆ. "ಹುಳ ಹಿಡಿಯುತ್ತದಾ?" ಅಂತ ಕೇಳಿದೆ. "ಹೊಗೆಗೆ ಇಡಿ ಅಕ್ಕ, ಹತ್ತು ವರ್ಷ ಬರ್ತದೆ" ಎಂದಳು. ಪೇಟೆ ಮನೆಯಲ್ಲಿ ಹೊಗೆ ಎಲ್ಲಿಂದ ತರುವುದು? ಅತ್ತೆ ಹಳೆಯ ಉಪಾಯ ಹೇಳಿದರು. ಮೆಂತೆ ಮತ್ತು ಹಳೇ ಕಾಗದವನ್ನು ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ಮೊರಕ್ಕೆ ಬಳಿಯುತ್ತಿದ್ದರಲ್ಲ, ಅದೇ. ಹೊರಗಡೆ ತೆಳ್ಳಗೆ ಬಳಿದು ಎರಡು ದಿನ ಬಿಸಿಲಿಗೆ ಇಟ್ಟೆವು. ಸಂದು ಎಲ್ಲ ಮುಚ್ಚಿ ಗಟ್ಟಿಯಾಯಿತು. ಒಂದು ತಿಂಗಳು ಕೋಣೆ ತುಂಬಾ ಮೆಂತೆ ವಾಸನೆ. ಪರಿಮಳದ ಮೇಣದಬತ್ತಿಗೆ ಆಗ ಕೆಲಸ ಸಿಕ್ಕಿತು.

ಒಳಗಿನ ಬಟ್ಟೆ ನನ್ನ ಕೈಯ ಕೆಲಸ. ಇದರಲ್ಲಿ ಸ್ವಲ್ಪ ಜಂಬ ಪಡುತ್ತೇನೆ, ಕ್ಷಮಿಸಿ. ಬಿದಿರಿನ ಸಿಬಿರು ಬೆರಳಿಗೆ ಚುಚ್ಚಬಾರದು, ಬಟ್ಟೆ ತೆಗೆದು ಒಗೆಯುವ ಹಾಗೂ ಇರಬೇಕು. ಹಳೇ ಕಾಟನ್ ಪಂಚೆಯ ಎರಡು ಪದರ. ತಳದ ಅಳತೆಗೆ ಒಂದು ಚೌಕ, ಸುತ್ತಲೂ ಒಂದು ಪಟ್ಟಿ. ಪಟ್ಟಿಯಲ್ಲಿ ಎಂಟು ಜೇಬು. ಜೇಬಿಗೆ ಬೇರೆ ಬೇರೆ ಬ್ಲೌಸಿನ ಉಳಿದ ತುಂಡುಗಳನ್ನೇ ಬಳಸಿದೆ. ಹಾಗಾಗಿ ಈಗ ನಮ್ಮನೆಯಲ್ಲಿ "ಟಾರ್ಚ್ ಎಲ್ಲಿದೆ?" ಅಂದರೆ "ನೀಲಿ ಜೇಬಲ್ಲಿ" ಅಂತ ಉತ್ತರ. ಬಟ್ಟೆಯ ಅಂಚು ಬುಟ್ಟಿಯ ಬಾಯಿಯಿಂದ ಹೊರಗೆ ಮೂರು ಇಂಚು ಮಡಚಿಕೊಳ್ಳುತ್ತದೆ, ಒಳಗೆ ಎಲಾಸ್ಟಿಕ್. ದಿಂಬಿನ ಕವರಿನ ಹಾಗೆ ಎಳೆದರೆ ಬಂತು.

ಎರಡನೇ ಸಲ ಮಾಡಿದ ತಪ್ಪು ತಿಂಡಿಯದು. ತೊಡೆದೇವು ಇಟ್ಟಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಬ್ಬಿನ ಹಾಲು, ಅಕ್ಕಿ ಹಿಟ್ಟಿನ ಹದವನ್ನು ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ಬಟ್ಟೆಯಿಂದ ತೊಡೆದು ಎಬ್ಬಿಸುವ ತಿಂಡಿ. ಕಾಗದದಷ್ಟು ತೆಳು. ಬೆಂಗಳೂರಿನ ಮಕ್ಕಳು ನೋಡಲಿ ಅಂತ ಒಂದು ತಟ್ಟೆಯಲ್ಲಿ ಚೆಂದಾಗಿ ಜೋಡಿಸಿ ಬುಟ್ಟಿಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಮೆತ್ತಗಾಗಿ ಒದ್ದೆ ಕಾಗದದ ಹಾಗೆ ಜೋತು ಬಿದ್ದಿತ್ತು. ಅಷ್ಟೇ ಆಗಿದ್ದರೆ ಸರಿ. ಕಿಟಕಿಯಿಂದ ಬುಟ್ಟಿಗೆ, ಬುಟ್ಟಿಯಿಂದ ನೆಂಟರ ಬ್ಯಾಗಿಗೆ, ಬ್ಯಾಗಿನಿಂದ ಮಡಚಿಟ್ಟ ರೇಷ್ಮೆ ಸೀರೆಯ ಮೇಲೆ ಇರುವೆಗಳ ರಥೋತ್ಸವ ನಡೆದಿತ್ತು. ಆ ಮನೆಯ ಅತ್ತಿಗೆ ಒಂದೊಂದೇ ಇರುವೆ ಕೊಡವುತ್ತಾ ಹೇಳಿದ್ದು ಏನು ಗೊತ್ತಲ್ಲ: "ಅಡ್ಡಿಲ್ಲೆ, ಅಡ್ಡಿಲ್ಲೆ."

ಈಗ ಸಿಹಿ ಬುಟ್ಟಿಗೆ ಹೋಗುವುದಿಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬಾಳೆಕಾಯಿ ಚಿಪ್ಸು ಅಥವಾ ಕೋಡುಬಳೆ. ಜೊತೆಗೆ ಎರಡು ಪ್ಯಾಕೆಟ್ ಬಿಸ್ಕತ್ತು. ಅಷ್ಟು ಸಾಕು. ಬೆಂಗಳೂರು ಇಲ್ಲಿಂದ ನಾನೂರು ಕಿಲೋಮೀಟರು. ರಾತ್ರಿ ಬಸ್ಸು ಬೆಳಿಗ್ಗೆ ಐದೂವರೆ, ಆರಕ್ಕೆ ತಂದು ಇಳಿಸುತ್ತದೆ. ಆ ಹೊತ್ತಿಗೆ ತಿಂಡಿ ಆಗಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಮಾವನಂಥವರು ಹಸಿದು ಕೂರಬಾರದು. ತೊಡೆದೇವನ್ನು ಹೊರಡುವಾಗ ಕಟ್ಟಿ ಕೊಟ್ಟರೆ ಆಯಿತು.

ಆ ಹುಡುಗಿಯ ವಿಷಯ ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಮಗಳನ್ನು ಕೇಳಿದೆ. ಬರಿ ಅಂದಳು.

ಮಗಳ ಜೊತೆ ಓದುವ ಹುಡುಗಿ, ಬಯಲುಸೀಮೆಯ ಕಡೆಯವಳು. ಯಾಣ, ಸಹಸ್ರಲಿಂಗ ನೋಡಬೇಕು ಅಂತ ಎರಡು ದಿನಕ್ಕೆ ಬಂದಿದ್ದಳು. ಬಹಳ ಚೂಟಿ. ಬಂದ ದಿನ ಅತ್ತೆಯ ಜೊತೆ ಕೂತು ಹಲಸಿನ ಹಪ್ಪಳ ತಟ್ಟಿದ್ದಳು. ಮಾರನೇ ದಿನ ಬೆಳಿಗ್ಗೆ ಐದು ಗಂಟೆಗೆ ಹಿತ್ತಲಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಒಗೆಯುವ ಕಲ್ಲಿನ ಹತ್ತಿರ ಅವಳು. ಕೈಯಲ್ಲಿ ನಮ್ಮ ಬೆಡ್‌ಶೀಟು. "ನೀರು ಚೆಲ್ಲಿತು ಆಂಟಿ" ಎಂದಳು. ಕತ್ತಲಿತ್ತು, ಮುಖ ಕಾಣಲಿಲ್ಲ. ಅಯ್ಯೋ ಬಿಡು, ನಾನು ಒಗೆಯುತ್ತೇನೆ ಎಂದರೂ ಬಿಡಲಿಲ್ಲ. ಆ ದಿನ ಇಡೀ ಅವಳು ಅಡುಗೆಮನೆಯ ಕಡೆಗೆ ಬರಲೇ ಇಲ್ಲ, ಅತ್ತೆಯ ಹತ್ತಿರವೂ ಕೂರಲಿಲ್ಲ.

ಅವಳು ಊರಿಗೆ ಹೋಗಿ ತಿಂಗಳಾದ ಮೇಲೆ ಮಗಳು ಬಾಯಿ ಬಿಟ್ಟಳು. ರಾತ್ರಿ ಎರಡು ಗಂಟೆಗೆ ಶುರುವಾಗಿದೆ. ಮಗಳನ್ನು ಎಬ್ಬಿಸಲು ಸಂಕೋಚ, ಅವಳು ಕೆಳಗೆ ಅಜ್ಜಿಯ ಪಕ್ಕ ಮಲಗಿದ್ದಳು. ನಮ್ಮ ಮನೆಯಲ್ಲಿ ಹೊರಗೆ ಕೂರುವ ಪದ್ಧತಿ ಇದೆಯೋ ಏನೋ, ದೇವರ ಕೋಣೆ ಎಲ್ಲಿದೆಯೋ, ಏನು ಮುಟ್ಟಬಾರದೋ ಅಂತ ಹೆದರಿಕೆ. ತನ್ನ ದುಪಟ್ಟಾ ಹರಿದುಕೊಂಡಿದ್ದಳಂತೆ. ನನ್ನ ಹೊಲಿಗೆ ಕೋಣೆಯಲ್ಲಿ. ಸುತ್ತಲೂ ಮೊಣಕಾಲೆತ್ತರ ಬಟ್ಟೆಯ ತುಂಡು ಇರುವ ಕೋಣೆಯಲ್ಲಿ.

ನನಗೆ ಎರಡು ದಿನ ಊಟ ಸೇರಲಿಲ್ಲ.

ಮಾರನೇ ದಿನವೇ ಪ್ಯಾಡ್ ತಂದೆ. ಆದರೆ ಇಡುವುದು ಹೇಗೆ ಅನ್ನುವುದೂ ಒಂದು ಲೆಕ್ಕ. ಬುಟ್ಟಿಯಲ್ಲಿ ಎದುರಿಗೇ ಇಟ್ಟರೆ ಭಾವಂದಿರು, ಮಾವಂದಿರು ಮಲಗುವಾಗ ಅವರಿಗೆ ಮುಜುಗರ. ತೀರಾ ಒಳಗೆ ಬಚ್ಚಿಟ್ಟರೆ ಬೇಕಾದವರಿಗೆ ಕಾಣುವುದಿಲ್ಲ. ಕಪ್ಪು ಬಟ್ಟೆಯಲ್ಲಿ ಒಂದು ಚೀಲ ಹೊಲಿದೆ. ಮೇಲೆ ಒಂದು ಕೆಂಪು ಹೂವಿನ ಕಸೂತಿ. ಯಾವ ಹೆಂಗಸು ನೋಡಿದರೂ ತೆರೆದು ನೋಡುತ್ತಾಳೆ, ಯಾವ ಗಂಡಸೂ ಮುಟ್ಟುವುದಿಲ್ಲ. ಒಳಗೆ ನಾಲ್ಕು ಪ್ಯಾಡು, ಸುತ್ತಿ ಎಸೆಯಲು ಹಳೇ ಪೇಪರಿನ ತುಂಡುಗಳು, ಒಂದು ಹೊಟ್ಟೆನೋವಿನ ಮಾತ್ರೆಯ ಚೀಟಿ. ಬಚ್ಚಲಲ್ಲಿ ಮುಚ್ಚಳವಿರುವ ಕಸದ ಡಬ್ಬಿ. ಮಂಚದ ಕೆಳಗೆ ಒಂದು ಜೊತೆ ಒಗೆದ ಬೆಡ್‌ಶೀಟು. ಯಾರು ಎಷ್ಟು ತೆಗೆದರು, ಯಾಕೆ ಬದಲಿಸಿದರು, ನಾನು ಕೇಳುವುದಿಲ್ಲ. ಖಾಲಿಯಾದರೆ ತುಂಬುತ್ತೇನೆ.

ಉಳಿದ ಜೇಬುಗಳದು ಅಂಥ ದೊಡ್ಡ ಕಥೆಯಿಲ್ಲ. ಟಾರ್ಚು, ಬೆಂಕಿಪೊಟ್ಟಣ, ಸೊಳ್ಳೆ ಬತ್ತಿ. ಕರೆಂಟ್ ಯಾವಾಗ ಬೇಕಾದರೂ ಹೋಗುವ ಊರು ನಮ್ಮದು. ಮೂರು ಬಾಯಿಯ ಚಾರ್ಜರ್ ವೈರು. ಇದನ್ನು ಬುಟ್ಟಿಯ ಹಿಡಿಗೆ ದಾರದಿಂದ ಕಟ್ಟಿದ್ದೇನೆ, ಏಕೆಂದರೆ ಮೊದಲಿನ ಎರಡು ವೈರುಗಳು ನೆಂಟರ ಜೊತೆ ಹುಬ್ಬಳ್ಳಿಗೂ ಮುಂಬೈಗೂ ಹೋದವು. ಹಲ್ಲುಜ್ಜುವ ಬ್ರಷ್ ನಾಲ್ಕು, ಪೇಸ್ಟು, ತೆಂಗಿನೆಣ್ಣೆಯ ಪುಟ್ಟ ಬಾಟಲಿ, ಅಮೃತಾಂಜನ. ಜ್ವರದ ಮಾತ್ರೆ ಇಡುತ್ತೇನೆ. ಇದು, ಕಪ್ಪು ಚೀಲದ ಹೊಟ್ಟೆನೋವಿನ ಮಾತ್ರೆ ಬಿಟ್ಟರೆ ನುಂಗುವ ಬೇರೆ ಔಷಧಿ ಇಡುವುದಿಲ್ಲ. ಯಾರಿಗೆ ಏನು ಆಗಿಬರುವುದಿಲ್ಲವೋ.

ಸೋಪು ಮೈಸೂರು ಸ್ಯಾಂಡಲ್, ಸಣ್ಣದು. ಇದರಲ್ಲಿ ರಾಜಿ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು ರಾಶಿ ಬಿದ್ದಾಗ ಮೈಸೂರು ಸರ್ಕಾರ ಎಣ್ಣೆ ತೆಗೆಸಿತು, ಸಾಬೂನು ಮಾಡಿಸಿತು. ಕಾರ್ಖಾನೆ ಶುರುವಾಗಿದ್ದು 1916ರಲ್ಲಿ. ಅಂದರೆ ನಮ್ಮ ಅಮ್ಮಮ್ಮನಿಗಿಂತ ಹಳೆಯ ಸೋಪು. ಪೊಟ್ಟಣದ ಮೇಲಿನ ಶರಭ, ಆನೆ ಸೊಂಡಿಲಿನ ಸಿಂಹ, ಅದನ್ನು ನೋಡಿದರೆ ವಯಸ್ಸಾದವರಿಗೆ ಧೈರ್ಯ ಬರುತ್ತದೆ. ಪರಿಚಯವಿಲ್ಲದ ಬಣ್ಣಬಣ್ಣದ ಬಾಟಲಿ ಇಟ್ಟಾಗ ಒಬ್ಬ ಅಜ್ಜ ಶಾಂಪೂವನ್ನು ಮೈಗೆ ಹಚ್ಚಿಕೊಂಡು ಅರ್ಧ ಹಂಡೆ ನೀರು ಖರ್ಚು ಮಾಡಿದ್ದರು. ಮಾರ್ಚ್ ತಿಂಗಳು, ಬಾವಿಯ ತಳ ಕಾಣುವ ಕಾಲ.

ಮಳೆಗಾಲದಲ್ಲಿ ಬುಟ್ಟಿಯೇ ಬೇರೆ. ಬೆಂಕಿಪೊಟ್ಟಣ ಅಕ್ಕಿಯ ಡಬ್ಬಿಯೊಳಗೆ ಹೋಗುತ್ತದೆ. ಬಿದಿರಿಗೆ ಬೂಷ್ಟು ಬರುತ್ತದೆ ಅಂತ ಸಾಮಾನನ್ನೆಲ್ಲ ಪ್ಲಾಸ್ಟಿಕ್ ಟ್ರೇಗೆ ಹಾಕುತ್ತೇನೆ. ಒಂದು ಚೀಟಿ ಉಪ್ಪು ಇಡುತ್ತೇನೆ. ಜಲಪಾತ ನೋಡಿ ಬಂದವರ ಕಾಲಲ್ಲಿ ಉಂಬಳ, ಅಂದರೆ ಜಿಗಣೆ, ಇದ್ದೇ ಇರುತ್ತದೆ. ಟವೆಲ್ ದಪ್ಪದ್ದಾದರೆ ಮೂರು ದಿನವಾದರೂ ಒಣಗುವುದಿಲ್ಲ, ಮಗ್ಗದ ತೆಳ್ಳಗಿನದೇ ಸರಿ.

ನಮ್ಮನೆಯವರಿಗೂ ಬುಟ್ಟಿಯಲ್ಲಿ ಒಂದು ಪಾಲು ಬೇಕಿತ್ತು. ಕೋಣೆಯ ಸೂಚನೆಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಶನ್ ಹಾಕಿಸಿ ತಂದರು. 'ದಯವಿಟ್ಟು ಗೀಸರ್ ಬಳಸಿದ ನಂತರ ಸ್ವಿಚ್ ಆರಿಸತಕ್ಕದ್ದು.' 'ದಯವಿಟ್ಟು ರಾತ್ರಿ ಹತ್ತರ ನಂತರ ಗೇಟಿಗೆ ಬೀಗ ಹಾಕತಕ್ಕದ್ದು.' ಹನ್ನೊಂದು ದಯವಿಟ್ಟು. ಅದನ್ನು ಓದಿದ ದೊಡ್ಡಮ್ಮ ಕೆಳಗೆ ಬಂದು "ಲಾಡ್ಜ್ ಆಗೋತಲೇ ತಂಗಿ ನಿಂಗಳ ಮನೆ!" ಎಂದರು. ಬಾಡಿಗೆ ಎಷ್ಟು ಅಂತಲೂ ಕೇಳಿದರು. ಅವತ್ತೇ ತೆಗೆಸಿದೆ. ಬೇಜಾರಾದರು ಪಾಪ.

ಆದರೆ ಹೇಳಬೇಕಾದ್ದು ಇದ್ದೇ ಇದೆಯಲ್ಲ. ಹೊಸ ಮನೆಯಲ್ಲಿ ರಾತ್ರಿ ಎದ್ದವರಿಗೆ ಬಚ್ಚಲಿನ ದೀಪದ ಸ್ವಿಚ್ಚೇ ಸಿಗುವುದಿಲ್ಲ. ಆರು ಸ್ವಿಚ್ ಒಂದೇ ಥರ. ನಾನೀಗ ಅದಕ್ಕೊಂದು ಸ್ಟಿಕ್ಕರ್ ಬಿಂದಿ ಅಂಟಿಸಿದ್ದೇನೆ. ದೊಡ್ಡ ಕೆಂಪು ಬೊಟ್ಟು ಬಚ್ಚಲಿನ ದೀಪ, ಸಣ್ಣ ಹಸಿರು ಬೊಟ್ಟು ಫ್ಯಾನು. ಓದು ಬಾರದವರಿಗೂ ಗೊತ್ತಾಗುತ್ತದೆ, ಕತ್ತಲಲ್ಲಿ ಕೈಗೂ ಸಿಗುತ್ತದೆ. ವೈಫೈ ಪಾಸ್‌ವರ್ಡ್ ಮಾತ್ರ ಕೈಬರಹದ ಚೀಟಿಯಲ್ಲಿ. ಅದರ ಕೆಳಗೆ ಒಂದು ಸಾಲು: 'ಎಷ್ಟು ಹೊತ್ತಿಗಾದರೂ ಎಬ್ಬಿಸಿ, ನಿದ್ದೆ ನನಗೆ ಬೇಗ ಬರುತ್ತದೆ.' ಯಾರೂ ಎಬ್ಬಿಸಿಲ್ಲ. ಎಬ್ಬಿಸುವ ಜನರಲ್ಲ ಅಂತ ನನಗೂ ಗೊತ್ತು.

2024ರ ಮಾರ್ಚ್‌ನಲ್ಲಿ ಮತ್ತೆ ಜಾತ್ರೆ ಬಂತು. ಒಂಬತ್ತು ದಿನದಲ್ಲಿ ಮಾಳಿಗೆಯ ಕೋಣೆಯಲ್ಲಿ ಹದಿನಾಲ್ಕು ಜನ ಮಲಗಿ ಎದ್ದರು. ಮೂರೂ ಕೋಣೆಗೆ ಸೇರಿಸಿ ಎಷ್ಟು ಅಂತ ಲೆಕ್ಕ ಇಡಲಿಲ್ಲ. ಜಾತ್ರೆಯ ಬುಟ್ಟಿಗೆ ಅಂತ ಒಂದಿಷ್ಟು ಜಾಸ್ತಿ ಸೇರಿಸಿದ್ದೆ. ಧೂಳಿಗೆ ಮಾಸ್ಕು, ಚಿಲ್ಲರೆ ಕಾಸಿನ ಪುಟ್ಟ ಪರ್ಸು, ಸೇಫ್ಟಿ ಪಿನ್ನಿನ ಗೊಂಚಲು, ಸೂಜಿ, ಕಪ್ಪು ಬಿಳಿ ದಾರ. ಉಡಿ ಸೇವೆಗೆ ಬೆಳಗಿನ ಜಾವವೇ ಸೀರೆ ಉಟ್ಟು ಸಾಲಿಗೆ ನಿಲ್ಲುವವರು ಇರುತ್ತಾರೆ. ಅಂಥ ಒಂದು ಬೆಳಿಗ್ಗೆ ನಾಲ್ಕೂವರೆಗೆ ಹುಬ್ಬಳ್ಳಿಯ ಅತ್ತಿಗೆಯ ಬ್ಲೌಸಿನ ಎರಡು ಹುಕ್ಕು ಒಟ್ಟಿಗೆ ಕಿತ್ತು ಬಂದವು. ಕೆಳಗೆ ನಾನು ಚಾ ಕುದಿಸುತ್ತಿದ್ದೆ. ದರ್ಜಿಯ ಮನೆಯಲ್ಲಿ ಕೂತು ಅವರು ನನ್ನನ್ನು ಕರೆಯಲಿಲ್ಲ, ತಾವೇ ಪಿನ್ನು ಹಾಕಿಕೊಂಡು ಇಳಿದು ಬಂದರು. ಬೆನ್ನಿನ ಮೇಲೆ ನಾಲ್ಕು ಪಿನ್ನು ಸಾಲಾಗಿ ಹೊಳೆಯುತ್ತಿದ್ದವು. ಹಿಡಿದು ನಿಲ್ಲಿಸಿ, ನಿಂತಲ್ಲೇ ಹೊಲಿದು ಕಳಿಸಿದೆ.

ಜಾತ್ರೆ ಮುಗಿದ ಮಾರನೇ ದಿನ ಬುಟ್ಟಿಯನ್ನು ಕೆಳಗೆ ತಂದು ನೆಲದ ಮೇಲೆ ಸುರಿದೆ. ಸೇಫ್ಟಿ ಪಿನ್ನು ಒಂದೂ ಇಲ್ಲ. ಸೊಳ್ಳೆ ಬತ್ತಿ ಖಾಲಿ. ಚಿಪ್ಸ್ ಡಬ್ಬಿಯಲ್ಲಿ ಬರೀ ಪುಡಿ. ಚಿಲ್ಲರೆಯ ಪರ್ಸಿನಲ್ಲಿ ನಾನು ಇಟ್ಟಿದ್ದು ಐವತ್ತು ರೂಪಾಯಿ, ಈಗ ಎಣಿಸಿದರೆ ಎಪ್ಪತ್ತೆರಡು. ಬಾಚಣಿಗೆಯನ್ನು ಯಾರೂ ಮುಟ್ಟಿಲ್ಲ. ಬಾಚಣಿಗೆ ಎಲ್ಲರೂ ತಮ್ಮದೇ ತರುತ್ತಾರೆ ಅಂತ ಎರಡು ಜಾತ್ರೆ ಆದ ಮೇಲೆ ಗೊತ್ತಾಯಿತು. ಯಾರೋ ಅರ್ಧ ಸ್ಟ್ರಿಪ್ ಅಸಿಡಿಟಿ ಮಾತ್ರೆ ಇಟ್ಟು ಹೋಗಿದ್ದಾರೆ. ಯಾವುದೋ ಮಗು ಜಾತ್ರೆಯಲ್ಲಿ ಕೊಂಡ ಪೀಪಿಯನ್ನು ನೀಲಿ ಜೇಬಿನಲ್ಲಿ ಸಿಕ್ಕಿಸಿ ಹೋಗಿದೆ, ಮರೆತಿದ್ದೋ ಕೊಟ್ಟಿದ್ದೋ ತಿಳಿಯದು. ಸೋದರತ್ತೆಯೂ ಬಂದಿದ್ದರು. ಈ ಸಲ ಬುಟ್ಟಿಯನ್ನು ನೋಡಿ "ಇದು ಬಾಗಿನ ಅಲ್ದಲೇ" ಎಂದು ಅಲ್ಲೇ ಬಿಟ್ಟರು. ಸ್ವಲ್ಪ ಬೇಸರದಲ್ಲೇ ಅಂದ ಹಾಗಿತ್ತು. ಮುಂದಿನ ಸಲ ಅವರಿಗೊಂದು ಬೇರೆ ಕಟ್ಟಬೇಕು, ಬಿಚ್ಚೋಲೆ ಸಮೇತ.

ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆಯಲ್ಲಿ ತರಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಾ ಕೂತೆ. ಪಿನ್ನು, ಸೊಳ್ಳೆ ಬತ್ತಿ, ಬ್ರಷ್, ಸೋಪು. ಅತ್ತೆ ಆಚೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ತಿಂಗಳ ಆ ಮೂರು ದಿನ ಜೀವಮಾನವಿಡೀ ಹೊರಗೆ ಕೂತವರು ಅವರು. ಕಪ್ಪು ಚೀಲದ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಅಡಕತ್ತರಿಯ ಸದ್ದು ನಿಲ್ಲಿಸದೆ, ನನ್ನ ಕಡೆ ನೋಡದೆ, "ಆ ಕರಿ ಚೀಲದಲ್ಲಿ ಒಂದೇ ಉಳದ್ದು. ಅದನ್ನೂ ಬರ್ಕ" ಎಂದರು.